ಶ್ಯಾಮಲಮ್ಮನವರ ಎಡಗಾಲು

ಜಂಗಮಕೋಟೆಯ ಶ್ಯಾಮಲಮ್ಮನವರು ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಎಡಗಾಲಿನಿಂದ ಮೂರು ಸಲ ತುಳಿದರೆ ಸೊಂಟದ ಉಳುಕು ಬಿಡುತ್ತದೆಂಬ ನಂಬಿಕೆ ಆ ಕಡೆ ಇಂದಿಗೂ ಇದೆ. ಬೆಳಗ್ಗೆ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಅವರು ಹೊರಗೆ ಬರುವಷ್ಟರಲ್ಲಿ, ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕುಳಿತಿರುತ್ತಿದ್ದರು. "ಬೋರಲು ಮಲ್ಕೊಳ್ಳಪ್ಪ, ನಾನೇನು ಆನೆ ಅಲ್ಲ" ಎಂದು ನಗಿಸುತ್ತಲೇ ತುಳಿಯುತ್ತಿದ್ದರು. ಎಲೆ ಅಡಿಕೆಯ ಹೊರತು ಯಾರಿಂದಲೂ ಏನನ್ನೂ ಪಡೆದವರಲ್ಲ.

ಕಳೆದ ಕಾರ್ತಿಕದಲ್ಲಿ ಅವರ ತಮ್ಮ ಆವುಲಪ್ಪ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬೈಕಿನಲ್ಲಿ ಬರುತ್ತಿದ್ದಾಗ ಹಿಂದಿನಿಂದ ಟೆಂಪೊ ತಗುಲಿ, ರಸ್ತೆಯ ಮೇಲೆ ಕುಕ್ಕರಿಸಿ ಬಿದ್ದ. ಮೈಮೇಲೆ ಗಾಯವಿರಲಿಲ್ಲವಾದ್ದರಿಂದ ಮುಲಾಮು ಹಚ್ಚಿಕೊಂಡು ಓಡಾಡಿದ. ಆಮೇಲೆ ಸೊಂಟ ಹಿಡಿಯಿತು. ನೆಟ್ಟಗೆ ಅಕ್ಕನ ಮನೆಗೆ ಬಂದ.

"ಊರೋರ್ನೆಲ್ಲ ತುಳಿದಿದ್ದೀಯ, ನನ್ನೊಬ್ಬನ್ನ ಯಾಕಕ್ಕ ಬಿಡ್ತೀಯ?"

"ಚಿಕ್ಕೋನಿದ್ದಾಗ್ಲೇ ತುಳಿದಿದ್ರೆ ಬುದ್ಧಿನಾದ್ರೂ ಬರ್ತಿತ್ತು. ಮಲ್ಕೊ."

ಒಮ್ಮೆ ತುಳಿದದ್ದೇ ತಡ, ಆವುಲಪ್ಪ ಕಿರುಚಿಕೊಂಡ. ನೋವು ಸೊಂಟದಿಂದ ಹಿಮ್ಮಡಿಯವರೆಗೆ ಮಿಂಚಿನಂತೆ ಇಳಿದಿತ್ತು. ಎದ್ದು ನಿಂತಾಗ ಬಲಪಾದ ಜೋಮು ಹಿಡಿದಿತ್ತು. ಚಪ್ಪಲಿ ಮೆಟ್ಟಿಕೊಂಡು ನಾಲ್ಕು ಹೆಜ್ಜೆ ಇಟ್ಟಾಗ ಅದು ಕಳಚಿಕೊಂಡದ್ದೂ ಅವನಿಗೆ ತಿಳಿಯಲಿಲ್ಲ. ತನ್ನ ಕಾಲೇ ತಮ್ಮನ ಕಾಲನ್ನು ತೆಗೆಯಿತೇ ಎಂದು ಶ್ಯಾಮಲಮ್ಮನವರ ಎದೆ ಧಸಕ್ಕೆಂದಿತು.

ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನ್ ಮಾಡಿಸಿದರು. ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು.

"ಬೆನ್ನುಮೂಳೆಗಳ ನಡುವೆ ಮೆತ್ತನೆ ಬಿಲ್ಲೆ ಇರುತ್ತಮ್ಮ, ಡಿಸ್ಕ್ ಅಂತೀವಿ. ಒಬ್ಬಟ್ಟನ್ನ ಜೋರಾಗಿ ಒತ್ತಿದ್ರೆ ಪಕ್ಕದಲ್ಲಿ ಹೂರಣ ಈಚೆ ಬರಲ್ವಾ? ಹಾಗೇ ಇದೂ ಈಚೆ ಬಂದು ಕಾಲಿನ ನರ ಅಮುಕ್ತಿದೆ. ಪೆಟ್ಟು ಸೊಂಟದಲ್ಲಿ, ಜೋಮು ಪಾದದಲ್ಲಿ."

"ಆಪರೇಷನ್ನಾ?" ಎಂದ ಆವುಲಪ್ಪ.

"ಈಗ ಬೇಡ. ಬಹಳ ಜನಕ್ಕೆ ಮಾತ್ರೆ, ವ್ಯಾಯಾಮದಲ್ಲೇ ಕಡಿಮೆಯಾಗುತ್ತೆ. ಭಾರ ಎತ್ತಬೇಡಿ, ಹಾಗಂತ ಮಲಗೇ ಇರಬೇಡಿ, ನಿಧಾನವಾಗಿ ನಡೀರಿ. ಕಾಲಿನ ಶಕ್ತಿ ಕುಂದಿದ್ರೆ, ಮೂತ್ರ ಕಟ್ಟಿದ್ರೆ ತಕ್ಷಣ ಬನ್ನಿ."

ಶ್ಯಾಮಲಮ್ಮನವರು ಹಿಂದೆ ಉಳಿದು ಮೆಲ್ಲಗೆ ಕೇಳಿದರು: "ನಾನು ತುಳಿದಿದ್ದಕ್ಕೇ ಹಿಂಗಾಯ್ತಾ ತಾಯಿ?"

"ಬಿದ್ದಾಗಲೇ ಪೆಟ್ಟಾಗಿತ್ತು. ತುಳಿದಿದ್ದರಿಂದ ಹೆಚ್ಚಾಗಿದ್ರೂ ಆಗಿರಬಹುದು, ಸುಳ್ಳು ಹೇಳಲ್ಲ. ಇನ್ಮೇಲೆ ಯಾರ ಬೆನ್ನೂ ತುಳೀಬೇಡಿ."

ಅಂದೇ ಅವರು ಆ ಕೆಲಸ ಬಿಟ್ಟರು. ಜಗಲಿಗೆ ಬಂದವರಿಗೆ ಮಜ್ಜಿಗೆ ಕೊಟ್ಟು ಆಸ್ಪತ್ರೆಗೆ ಕಳಿಸುತ್ತಿದ್ದರು. "ನಿನ್ನ ಕಾಲಿಗೆ ಪಿಂಚಣಿ ಆಯ್ತೇನಮ್ಮ?" ಎಂದು ಪಕ್ಕದ ಮನೆಯ ವೆಂಕಟರವಣಪ್ಪ ರೇಗಿಸಿದರೂ ಕಾಲೆತ್ತಲಿಲ್ಲ.

ದಿನವೂ ಸಂಜೆ ತಮ್ಮನನ್ನು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆಸುವರು. ಆಮೇಲೆ ಅವನನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಪಾದಕ್ಕೆ ಸೊಪ್ಪಿನ ಕಡ್ಡಿ ಮುಟ್ಟಿಸಿ, "ಗೊತ್ತಾಗ್ತದಾ?" ಎಂದು ಕೇಳುವರು. "ಇಲ್ಲಕ್ಕ" ಎನ್ನುವನು. ನೋವು ಇಳಿಯುತ್ತ ಬಂದರೂ ಆ ಉತ್ತರ ಬದಲಾಗಲಿಲ್ಲ. ಅವರಿಗೆ ಊಟ ಸೇರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಕಡ್ಡಿ ತಾಗುತ್ತಲೇ ಆವುಲಪ್ಪ ಕಾಲನ್ನು ಸರಕ್ಕನೆ ಎಳೆದುಕೊಂಡ.

"ಅಯ್ಯೋ, ಕಚಗುಳಿ ಇಡ್ಬೇಡಕ್ಕ!"

ಶ್ಯಾಮಲಮ್ಮನವರು ಅಲ್ಲೇ ಬದುವಿನ ಮೇಲೆ ಕುಸಿದು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಅದೇ ಪಾದವನ್ನು ಎಳೆದು ಮಡಿಲಲ್ಲಿಟ್ಟುಕೊಂಡು, "ಇನ್ನೊಂದ್ಸಲ ಕಣೋ" ಎಂದರು.