ಮುಕ್ಕುಂದದ ಮಡುವಿಗೊಂದು ಗೆರೆ

ನಾನು ಮೀನು ತಿನ್ನುವುದಿಲ್ಲ, ಹಿಡಿಯುತ್ತೇನೆ. ಈ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಎದುರಿಗಿದ್ದವರ ಮುಖದಲ್ಲಿ ಅನುಮಾನ ಮೂಡುತ್ತದೆ. ತಿನ್ನುವವರಿಗೆ ನಾನು ಹಿಡಿಯುವುದು ಅರ್ಥವಾಗುವುದಿಲ್ಲ, ತಿನ್ನದವರಿಗೆ ಅದನ್ನು ಸಹಿಸಲಾಗುವುದಿಲ್ಲ. ಹೀಗಾಗಿ ಯಾರಿಗೂ ಹೇಳದೆ ಇದ್ದೆ. ನಿಮಗೆ ಹೇಳುತ್ತಿದ್ದೇನೆ. ನೀವು ಸಿಂಧನೂರಿನವರಾಗಿದ್ದು, ಎಂದಾದರೂ ನಮ್ಮ ಬಟ್ಟೆ ಅಂಗಡಿಗೆ ಬಂದರೆ, ಅಪ್ಪನ ಮುಂದೆ ದಯವಿಟ್ಟು ಬಾಯಿ ಬಿಡಬೇಡಿ.

ನಮ್ಮದು ಬೆಳಗಾದರೆ ಲಿಂಗಪೂಜೆ ನಡೆಯುವ ಮನೆ. ಊಟದ ಹೊತ್ತಿನಲ್ಲಿ ಮೊಟ್ಟೆ ಎಂಬ ಪದವನ್ನೂ ಯಾರೂ ಆಡುವುದಿಲ್ಲ. ಇಂಥ ಮನೆಯಿಂದ ಹೊರಟ ನಾನು ಕರಾವಳಿಯಲ್ಲಿ ಎರಡು ವರ್ಷ ಕಡಲಜೀವಿಗಳ ಬಗ್ಗೆ ಓದಿದೆ. ವಾಪಸ್ಸು ಬಂದಾಗ ಬಳಗಾನೂರಿನ ದೊಡ್ಡಪ್ಪ, “ಸಮುದ್ರ ಓದಿ ಇಲ್ಲಿ ಏನ್ ಮಾಡ್ತಿಯವ್ವಾ? ನಮ್ಮ ಭತ್ತದ ಗದ್ದ್ಯಾಗ ತಿಮಿಂಗಿಲ ಬರ್ತಾವೇನು?” ಎಂದು ಕೇಳಿದರು. ಸದ್ಯಕ್ಕೆ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾ ಕಾಲ ಕಳೆಯುತ್ತಿದ್ದೇನೆ.

ಗಾಳ ಹಾಕುವುದನ್ನು ಕಲಿತದ್ದು ಕರಾವಳಿಯ ಹಾಸ್ಟೆಲಿನ ಹಿಂದಿನ ಬಂಡೆಗಳ ಮೇಲೆ. ಅಲ್ಲಿ ಸಂಜೆಯಾದರೆ ಬ್ಯಾಂಕಿನವರು, ಡಾಕ್ಟರು, ಪಿಂಚಣಿದಾರರು ಗಾಳದ ಕೋಲು ಹಿಡಿದು ಬಂದು ಕೂರುತ್ತಿದ್ದರು. ಕಡಲಿನ ಆ ತುಂಡನ್ನು ಸಂರಕ್ಷಿತ ವಲಯ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಅವರೆಲ್ಲ ಕೆಂಡವಾದರು. ಡಾಕ್ಟರೊಬ್ಬರಂತೂ, ತಾನು ವರ್ಷವಿಡೀ ಹಿಡಿಯುವುದನ್ನು ಒಂದು ದೋಣಿ ಒಂದು ಬಲೆಯಲ್ಲಿ ಎತ್ತುತ್ತದೆ, ತನ್ನ ಮೇಲೇಕೆ ಕಣ್ಣು ಎಂದು ಕಡಲಿಗೇ ಕೇಳುತ್ತಿದ್ದರು. ಆ ವರ್ಷದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು: ಇಂಥ ವಲಯಗಳಿಂದ ಹವ್ಯಾಸಿ ಗಾಳಗಾರರ ಮೇಲೆ ಆಗುವ ಪರಿಣಾಮವೇನು? ನಾನು ಬಹಳ ಚೆಂದ ಬರೆದೆ. ಗೆರೆಯ ಒಳಗೆ ಮೀನು ಬಲಿಯುತ್ತದೆ, ಮೊಟ್ಟೆ ಹೆಚ್ಚು ಇಡುತ್ತದೆ, ಜಾಗ ಸಾಲದೆ ಹೊರಗೆ ಬರುತ್ತದೆ, ಹವ್ಯಾಸಿಯು ಸ್ವಲ್ಪ ದೂರ ನಡೆದು ಗೆರೆಯಾಚೆ ಕೂತರೆ ಕೊನೆಗೆ ಲಾಭ ಅವನಿಗೇ. ಒಳ್ಳೆಯ ಅಂಕ ಬಂತು. ನನ್ನ ಉತ್ತರದಲ್ಲಿದ್ದ ಹವ್ಯಾಸಿಗೆ ಮೊಣಕಾಲುಗಳೇ ಇರಲಿಲ್ಲ ಎಂಬುದು ಅಂದು ಯಾರ ಗಮನಕ್ಕೂ ಬರಲಿಲ್ಲ.

ಖಾಸಿಂ ಮಾಸ್ತರರಿಗೆ ಎರಡು ಮೊಣಕಾಲುಗಳಿವೆ, ಒಂದಕ್ಕೆ ಆಪರೇಷನ್ ಆಗಿದೆ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು, ಈಗ ನಿವೃತ್ತರು. ನಾನು ಒಮ್ಮೆ ವಿದ್ಯಾರ್ಥಿಗಳೊಂದಿಗೆ ನೀರಿನ ಮಾದರಿ ತರಲು ಮುಕ್ಕುಂದದ ಹೊಳೆಗೆ ಹೋದಾಗ, ಅಲ್ಲಿಯ ಕರಿಬಂಡೆಯ ಮೇಲೆ ಗಾಳ ಹಾಕಿ ಕೂತಿದ್ದರು. ನನ್ನನ್ನು ನೋಡಿ ಬೆರಳು ತುಟಿಗೆ ಇಟ್ಟುಕೊಂಡರು. ಮುಂದಿನ ಭಾನುವಾರ ನಾನೂ ಒಂದು ಕೋಲು ತೆಗೆದುಕೊಂಡು ಹೋದೆ. ಅಂದಿನಿಂದ ಅವರು ಮೊಪೆಡ್‌ನಲ್ಲಿ, ನಾನು ಸ್ಕೂಟಿಯಲ್ಲಿ. ತುಂಗಭದ್ರೆಯ ದಂಡೆ ಅಲ್ಲಿ ಎಲ್ಲ ಕಡೆ ಕಡಿದಾದದ್ದು, ಜಾಲಿಮುಳ್ಳು ಬೇರೆ. ಕರಿಬಂಡೆಯ ತನಕ ಮಾತ್ರ ಬಂಡಿದಾರಿ ನೀರಿನ ಅಂಚಿಗೇ ಇಳಿಯುತ್ತದೆ. ಮಾಸ್ತರರ ಮೊಣಕಾಲಿಗೆ ಎಟುಕುವ ಹೊಳೆಯೆಂದರೆ ಅದೊಂದೇ.

ಅಲ್ಲಿ ನಾವು ಮಾತಾಡುತ್ತಿರಲಿಲ್ಲ. ಸಿಕ್ಕ ಮೀನು ಸಣ್ಣದಾದರೆ ನೀರಿಗೆ, ದೊಡ್ಡದಾದರೆ, ಹಿಡಿದವರು ಯಾರೇ ಇರಲಿ, ಮಾಸ್ತರರ ಚೀಲಕ್ಕೆ. ಆಮೇಲೆ ಅವರ ಮನೆಗೆ ಹೋಗುತ್ತಿದ್ದೆ. ಮಾಸ್ತರರ ಹೆಂಡತಿ ಜುಲೇಖಾ ಬೀಬಿ ಹಿತ್ತಲಿನಲ್ಲಿ ನನ್ನ ಕೈಗೆ ಹುಣಸೆಹಣ್ಣು ಉಜ್ಜಿ, ಮೇಲೆ ಲಿಂಬೆ ಹಿಂಡಿ, ಕೊನೆಗೆ ಬಟ್ಟೆ ಸಾಬೂನು ಹಚ್ಚಿ ತೊಳೆಸಿ, ತಾವೇ ಮೂಸಿ ನೋಡಿ, “ಹ್ಞಾಂ, ಈಗ ಶರಣರ ಮಗಳಾದಿ, ಹೋಗು” ಎಂದು ಕಳಿಸುತ್ತಿದ್ದರು. ಮನೆಯಲ್ಲಿ ಅವ್ವ, “ಭಾನುವಾರಕ್ಕೊಮ್ಮೆ ಅದೇನ್ ಲಿಂಬಿಹಣ್ಣಿನ ಪಾಠ ಹೇಳಿಸ್ಕೊಳ್ತಿಯೋ ನಿಮ್ಮ ಮಾಸ್ತರ ಕಡೆ” ಎನ್ನುತ್ತಿದ್ದಳು. ಎಷ್ಟು ಗೊತ್ತಿದೆಯೋ ನನಗೆ ತಿಳಿಯದು. ಕೇಳುವ ಧೈರ್ಯವೂ ಇಲ್ಲ.

ಮೀನು ನನಗೆ ಮುಖ್ಯವಾಗಿರಲಿಲ್ಲ ಎಂದರೆ ನಂಬಬೇಕು. ನಮ್ಮ ಊರುಗಳಲ್ಲಿ ಮದುವೆಯಾಗದ ಹುಡುಗಿಯೊಬ್ಬಳು ಸುಮ್ಮನೆ ಒಂದು ಕಡೆ ಕೂತರೆ ಬಂದವರೆಲ್ಲ ನಿಂತು ವಿಚಾರಿಸುತ್ತಾರೆ. ಯಾರ ಮಗಳು, ಯಾರಿಗೆ ಕಾಯುತ್ತಿದ್ದಾಳೆ, ಮನೆಯಲ್ಲಿ ಜಗಳವಾಗಿದೆಯೇ, ಗುರುಗುಂಟಾದಲ್ಲಿ ಒಳ್ಳೆಯ ಹುಡುಗ ಇದ್ದಾನಲ್ಲ. ಕೈಯಲ್ಲೊಂದು ಕೋಲು ಇದ್ದರೆ ಒಮ್ಮೆ ನಕ್ಕು ಮುಂದೆ ಹೋಗುತ್ತಾರೆ. ಹುಚ್ಚಿಗೂ ಒಂದು ಸಾಮಾನು ಬೇಕು. ಕೋಲು ನನ್ನ ಸಾಮಾನು. ಹೊಳೆಯ ದಂಡೆಯಲ್ಲಿ ವಾರಕ್ಕೆ ಒಂದು ಬೆಳಗು ಬಾಯಿ ಮುಚ್ಚಿ ಕೂರಲು ಅದು ನನಗೆ ಸಿಕ್ಕಿದ್ದ ಅನುಮತಿ.

ಹೀಗಿರುವಾಗ ಮುಕ್ಕುಂದದವರು ಮಡುವನ್ನು ಮೀನಿಗೆ ಮೀಸಲಿಡಬೇಕೆಂದು ಹೊರಟರು. ಕರಿಬಂಡೆಯ ಬುಡದಲ್ಲೇ ಆ ಮಡು. ಬೇಸಿಗೆಯಲ್ಲಿ ಹೊಳೆ ಬತ್ತಿ ಅಲ್ಲಲ್ಲಿ ತುಂಡಾದಾಗ ಸುತ್ತಲಿನ ಮೀನೆಲ್ಲ ಅಲ್ಲಿ ಬಂದು ಜೀವ ಹಿಡಿದಿರುತ್ತವೆ. ಅಲ್ಲಿ ಉಳಿದ ತಾಯಿ ಮೀನುಗಳೇ ಮೊದಲ ಹೊಸನೀರಿಗೆ ಮೊಟ್ಟೆ ಇಡುವುದು. ಇದನ್ನು ನಾನೇ ತರಗತಿಯಲ್ಲಿ ಹೇಳಿದ್ದೆ, ಆ ತರಗತಿಯಲ್ಲಿ ಮುಕ್ಕುಂದದ ವಿದ್ಯಾರ್ಥಿನಿಯೊಬ್ಬಳಿದ್ದಳು, ಅವಳು ಹೋಗಿ ಬಲೆ ಹಾಕುವ ತನ್ನ ತಾಯಿ ಈರಮ್ಮನಿಗೆ ಹೇಳಿದಳು, ಈರಮ್ಮ ಪಂಚಾಯಿತಿಗೆ ಹೋದಳು. ಪಾಠವನ್ನು ಯಾರೂ ಕೇಳುತ್ತಿಲ್ಲ ಎಂದು ಗೊಣಗುವ ನನಗೆ ಕೇಳುವವರಿದ್ದರೆ ಏನಾಗುತ್ತದೆ ಎಂದು ಗೊತ್ತಾಯಿತು. ಮೇಲಾಗಿ, ಗಡಿ ಎಲ್ಲಿಂದ ಎಲ್ಲಿಗೆ ಎಂದು ತೋರಿಸಲು ‘ಮೀನಿನ ಮೇಡಂ’ ಬರಬೇಕು ಎಂದು ಹೇಳಿಕಳಿಸಿದರು.

ಸಭೆ ಸೇರಿದ್ದು ಪಂಚಾಯಿತಿ ಕಟ್ಟೆಯ ಮೇಲೆ. ಬಲೆ ಹಾಕುವ ಮನೆಗಳವರು ಒಂದು ಕಡೆ, ಮಸ್ಕಿ ಮತ್ತು ಲಿಂಗಸುಗೂರಿನಿಂದ ಬೈಕಿನಲ್ಲಿ ಬಂದ ಹವ್ಯಾಸಿ ಹುಡುಗರು ಇನ್ನೊಂದು ಕಡೆ. ಇವರಲ್ಲಿ ಆನ್‌ಲೈನಿನಲ್ಲಿ ತರಿಸಿದ ಮಡಚುವ ಕೋಲುಗಳು, ಟೋಪಿಗಳು, ಕಪ್ಪು ಕನ್ನಡಕಗಳು ಇದ್ದವು. ಮೀನು ಸಿಕ್ಕರೆ ಮೊದಲು ವಿಡಿಯೊ ಮಾಡುತ್ತಾರೆ. ಮಾಸ್ತರರು ನಡುವೆ ಒಂದು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು.

“ಬಲಿ ಹಾಕೋದು ಬಂದ್ ಮಾಡ್ರಿ, ಒಪ್ಪತೀವಿ,” ಎಂದ ಲಿಂಗಸುಗೂರಿನವನೊಬ್ಬ. “ಗಾಳ ಯಾಕ ಬಂದ್ ಮಾಡ್ತೀರಿ? ನಾವು ಶೋಕಿಗೆ ಹಿಡಿಯೋರು, ಹೊಟ್ಟಿಗಲ್ಲ.”

“ಅದಕ್ಕ ಬಂದ್ ಮಾಡಬೇಕು,” ಎಂದಳು ಈರಮ್ಮ. “ಹೊಟ್ಟಿಗೆ ಹಿಡಿಯಾಕಿ ನಾನೇ ಬಿಟ್ಟೀನಿ. ನಿಂದು ಶೋಕಿ ಲೇ, ಬ್ಯಾರೆ ಕಡೆ ಮಾಡ್ಕೋ.”

ನಾನು ಎದ್ದು ನಿಂತು ನನ್ನ ಪರೀಕ್ಷೆಯ ಉತ್ತರವನ್ನು ಒಪ್ಪಿಸಿದೆ. ಒಳಗೆ ಮೀನು ಬಲಿಯುತ್ತವೆ, ನಂತರ ಹೊರಗೆ ಬರುತ್ತವೆ, ನಿಮಗೇ ಲಾಭ.

“ಯಾವಾಗ ಬರ್ತಾವ್ರೀ ಮೇಡಂ?” ಎಂದು ಮಸ್ಕಿಯವನು ವಿನಯದಿಂದ ಕೇಳಿದ. “ಬಸ್ಸಿನ ಟೈಮಿನಂಗ ಹೇಳಿಬಿಟ್ರ ನಾವು ಗೆರಿ ಹೊರಗ ನಿಂತಿರ್ತೀವಿ.”

“ಮೀನಿಗೆ ಬೋರ್ಡ್ ಓದಾಕ ಬರ್ತೈತೇನು?” ಎಂದು ಹಿಂದಿನಿಂದ ಇನ್ನೊಂದು ದನಿ. “ಈ ಕಡೆ ಜೀವ, ಆ ಕಡೆ ಸಾವು ಅಂತ ಬರಿಸಿಬಿಡ್ರಿ, ದಪ್ಪ ಅಕ್ಷರದಾಗ.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮಾಸ್ತರರು ಮೊದಲ ಬಾರಿಗೆ ಬಾಯಿ ತೆರೆದರು. “ಹೊಳಿ ಉದ್ದ ಐತಿ. ಕರಿಬಂಡಿ ಬಿಟ್ಟು ಸ್ವಲ್ಪ ಕೆಳಗಿಂದ ಗೆರಿ ಹಾಕ್ರಿ. ಬಂಡಿ ಹೊರಗ ಉಳೀಲಿ.” ಅವರು ಯಾರನ್ನೂ ನೋಡಲಿಲ್ಲ, ನನ್ನನ್ನಂತೂ ನೋಡಲೇ ಇಲ್ಲ. ಊರಿನವರಿಗೂ ಅದು ದೊಡ್ಡ ಮಾತೆನಿಸಲಿಲ್ಲ. ಒಬ್ಬ ಹಿರಿಯ ಮಾಸ್ತರರಿಗೆ ಒಂದು ಬಂಡೆ. “ಮೇಡಂ ಹ್ಞೂಂ ಅಂದ್ರ ಆಗ್ಲಿ ಬಿಡ್ರಿ” ಎಂದರು.

ಇದಕ್ಕಿಂತ ಸಿಟ್ಟು ಬರಿಸುವ ಮಾತು ನಾನು ಕೇಳಿಲ್ಲ. ಇವರು ಹಟ ಮಾಡಿದ್ದರೆ ನಾನೂ ಹಟ ಮಾಡಬಹುದಿತ್ತು. ಇಷ್ಟು ಸುಲಭವಾಗಿ ಬಿಟ್ಟುಕೊಟ್ಟು, ನಿರ್ಧಾರವನ್ನು ನನ್ನ ತಲೆಗೆ ಕಟ್ಟಿದರು. ನೀರಿನಲ್ಲಿ ಗೆರೆ ಎಳೆಯುವುದು ಮೊದಲೇ ವಿಚಿತ್ರ ಕೆಲಸ. ನೆಲದ ಮೇಲೆ ಬೇಲಿ ಹಾಕಿದರೆ ದನಕ್ಕಾದರೂ ತಿಳಿಯುತ್ತದೆ. ಹೊಳೆಯಲ್ಲಿ ಎಳೆದ ಗೆರೆ ಮನುಷ್ಯರ ತಲೆಯೊಳಗೆ ಮಾತ್ರ ಇರುತ್ತದೆ, ಆ ತಲೆಗಳು ಒಪ್ಪಿದಷ್ಟು ದಿನ ಮಾತ್ರ ಇರುತ್ತದೆ. ಮಾಸ್ತರರಿಗಾಗಿ ಅದನ್ನು ಸರಿಸಿದರೆ ನಾಳೆ ಲಿಂಗಸುಗೂರಿನವರಿಗಾಗಿ ಸರಿಸಬೇಕು. ಅದಕ್ಕಿಂತ ಮುಖ್ಯವಾಗಿ, ಬಂಡೆ ಬಿಟ್ಟರೆ ಮಡು ಹೊರಗಾಗುತ್ತದೆ, ಮಡು ಇಲ್ಲದ ವಲಯ ಬೀಜವಿಲ್ಲದ ಬಿತ್ತನೆ. ಆದರೆ ಬಂಡೆ ಒಳಗೆ ಸೇರಿದರೆ ಮಾಸ್ತರರಿಗೆ ಹೊಳೆಯೇ ಇಲ್ಲ. ನನಗೆ ಭಾನುವಾರ ಇಲ್ಲ.

ಎಲ್ಲರೂ ದಂಡೆಗೆ ಬಂದೆವು. ಊರಿನ ಒಬ್ಬರು ಸುಣ್ಣದ ಡಬ್ಬಿ, ಕುಂಚ ಹಿಡಿದು ನನ್ನ ಬೆರಳನ್ನೇ ನೋಡುತ್ತಾ ನಿಂತರು. ನಾನು ಕರಿಬಂಡೆಯ ಮೇಲುಗಡೆ, ಬಂಡಿದಾರಿಯ ಮಗ್ಗುಲಲ್ಲಿದ್ದ ಕಲ್ಲನ್ನು ತೋರಿಸಿದೆ.

ಮಾಸ್ತರರು ಊರುಗೋಲು ಹಿಡಿದು ಹತ್ತಿರ ಬಂದರು. “ಬಂಡಿ ಒಳಗೇನು, ಹೊರಗೇನು?”

“ಒಳಗ, ಸರ್.”

“ಇನ್ನೊಮ್ಮೆ ವಿಚಾರ ಮಾಡಿ ಹೇಳು.”

“ಮಾಡೀನಿ, ಸರ್. ಒಳಗ.”

ಗಣಿತದ ತರಗತಿಯಲ್ಲಿ ಅವರು ಹೀಗೆ ಎರಡು ಸಲ ಕೇಳಿದಾಗ ಎಷ್ಟೋ ಸಲ ಸರಿಯಾದ ಉತ್ತರವನ್ನೂ ಬದಲಿಸಿ ಬೈಸಿಕೊಂಡಿದ್ದೇನೆ. ಈ ಸಲ ಬದಲಿಸಲಿಲ್ಲ. ಅವರು ಮೊಪೆಡ್ ಹತ್ತಿ ಹೊರಟುಹೋದರು. ಸಂಜೆ ಅವರ ಮನೆಗೆ ಹೋದರೆ ಒಳಗಿನಿಂದ ಬೀಬಿಗೆ ಹೇಳುತ್ತಿದ್ದುದು ಕೇಳಿಸಿತು: “ಅಪ್ನೀಚ್ ಬೇಟಿ ಹಮ್ನಾ ಭಾರ್ ಕರ್ದೀ!” ನಮ್ಮದೇ ಮಗಳು ನಮ್ಮನ್ನು ಹೊರಗೆ ಹಾಕಿದಳು ಎಂದು. ಬೀಬಿ ಹೊರಗೆ ಬಂದು, “ಇವತ್ತು ಕೈ ತೊಳೆಯೋದಿಲ್ಲಲ್ಲ, ಚಾ ಕುಡಿ” ಎಂದರು. ಕುಡಿದು ಬಂದೆ.

ಮಾಸ್ತರರು ನನ್ನೊಡನೆ ಮಾತು ಬಿಟ್ಟರು. ಬಿಟ್ಟರೆಂದೇ ತಿಳಿಯಲು ಬಹಳ ದಿನ ಹಿಡಿಯಿತು, ಏಕೆಂದರೆ ಮೊದಲೂ ಆಡುತ್ತಿರಲಿಲ್ಲ. ನಾನು ಒಬ್ಬಳೇ ಒಂದೆರಡು ಭಾನುವಾರ ಹೊಳೆಗೆ ಹೋದೆ. ಕೋಲಿಲ್ಲದೆ ಬಂಡೆಯ ಮೇಲೆ ಕೂತ ಕೂಡಲೇ ದಾರಿಹೋಕನೊಬ್ಬ, “ಯಾಕವ್ವಾ, ಏನ್ ಕಷ್ಟ? ನೀರಿನ ಕಡೆ ಹೋಗಬ್ಯಾಡ, ಜೀವ ದೊಡ್ಡದು” ಎಂದು ಸಮಾಧಾನ ಹೇಳಿ, ಮೇಲೆ ಬರುವ ತನಕ ಬಿಡಲಿಲ್ಲ. ನಾನು ಕಲಿತ ವಿದ್ಯೆಯಲ್ಲಿ ವಲಯದಿಂದ ಹವ್ಯಾಸಿಗಳಿಗಾಗುವ ನಷ್ಟದ ಲೆಕ್ಕದಲ್ಲಿ ಮೀನಿದೆ, ಮೋಜಿದೆ, ಪ್ರಯಾಣವಿದೆ. ಸುಮ್ಮನೆ ಕೂರಲು ಇದ್ದ ನೆಪ ಹೋಗುವುದನ್ನು ಯಾರೂ ಎಲ್ಲಿಯೂ ಬರೆದಿಲ್ಲ.

ಇತ್ತ ಮುಕ್ಕುಂದದಲ್ಲಿ ಇನ್ನೊಂದು ತಾಪತ್ರಯ ಶುರುವಾಯಿತು. ಸುಣ್ಣದ ಗೆರೆಯನ್ನು ಲಿಂಗಸುಗೂರಿನ ಹುಡುಗರು ಹಿನ್ನೆಲೆ ಮಾಡಿಕೊಂಡು ವಿಡಿಯೊ ತೆಗೆಯುತ್ತಿದ್ದರು, ಆಮೇಲೆ ಒಳಗೇ ಗಾಳ ಹಾಕುತ್ತಿದ್ದರು. ಬಲೆ ಬಿಟ್ಟ ಈರಮ್ಮನ ಕಣ್ಣೆದುರೇ. ಭಾನುವಾರ ಊರಿನವರಿಗೆಲ್ಲ ಸಂತೆ, ಕಾಯುವವರಿಲ್ಲ. ಈರಮ್ಮ ಬಸ್ ಹತ್ತಿ ಸಿಂಧನೂರಿಗೆ ಬಂದು ನೇರ ಮಾಸ್ತರರ ಮನೆಗೆ ಹೋಗಿ, “ಸರ, ಮನ್ಯಾಗ ಕುಂತು ಮಾರಿ ಉಬ್ಬಿಸೋ ಬದಲು ಅಲ್ಲಿ ಬಂದು ಕುಂದರ್ರಿ. ನಿಮ್ಮ ಹೆದರಿಕಿಗೆ ಒಬ್ಬ ಬರಂಗಿಲ್ಲ” ಎಂದಳಂತೆ. ಹೀಗೆಂದು ಬೀಬಿ ನನಗೆ ಫೋನ್ ಮಾಡಿ ಹೇಳಿದರು. ದನಿಯಲ್ಲಿ ಗೆದ್ದ ಹಿಗ್ಗು ಇತ್ತು.

ಮುಂದಿನ ಭಾನುವಾರ ಹೋಗಿ ನೋಡಿದರೆ ಮಾಸ್ತರರು ಕರಿಬಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. ಕೊರಳಲ್ಲಿ ಪಿ.ಟಿ. ಮಾಸ್ತರರ ಸೀಟಿ. ನನಗೆ ಪಕ್ಕದ ಕಲ್ಲು ತೋರಿಸಿದರು. ಎದೆ ಹಗುರವಾಯಿತು. ಸರಿ, ಹೊಳೆ ಇವರಿಗೆ ಸಿಕ್ಕಿತು, ಮೌನ ನನಗೆ ಸಿಕ್ಕಿತು ಎಂದುಕೊಂಡೆ. ಆ ಎಣಿಕೆ ತಪ್ಪಿತು. ನಲವತ್ತು ಜನರ ತರಗತಿ ಕೈತಪ್ಪಿದ ಮೇಲೆ ಬಹಳ ಕಾಲದಿಂದ ಕಟ್ಟಿಟ್ಟಿದ್ದ ದನಿ ಅವರಿಗೆ ವಾಪಸ್ಸು ಬಂದಿದೆ. “ಏ ಮಸ್ಕಿ! ಕೋಲು ಮಡಚು ಬೇ! ಗೆರಿ ಕಾಣ್ಸಂಗಿಲ್ಲೇನು, ಕನ್ನಡಕ ತೆಗಿ!” ಎಮ್ಮೆ ತೊಳೆಯುವವರಿಗೆ ಒಂದು ಸೀಟಿ, ಬಟ್ಟೆ ಒಗೆಯುವವರಿಗೆ ಒಂದು ಸೀಟಿ, ಕೊಕ್ಕರೆಗೂ ಒಂದು. ಸೀಟಿಯ ನಡುವೆ ಬಿಡುವು ಸಿಕ್ಕರೆ ನನಗೆ ತಾಯಿ ಮೀನಿನ ಮಹತ್ವದ ಪಾಠ. ನನ್ನದೇ ಪಾಠ, ಈರಮ್ಮನ ಮೂಲಕ ಸುತ್ತಿ ಬಂದದ್ದು, ದಾರಿಯಲ್ಲಿ ಸಾಕಷ್ಟು ದಪ್ಪವಾಗಿತ್ತು.

ಅವರ ಮುಖದಲ್ಲಿ ನಾನು ಎಂದೂ ಕಾಣದ ಸಂತೋಷ. ನನ್ನ ತಲೆ ಸಿಡಿಯುತ್ತಿತ್ತು. ಎದ್ದು ಕಲ್ಲಿನ ಆಚೆ ತುದಿಗೆ ಹೋಗಿ, ಚಪ್ಪಲಿ ಬಿಚ್ಚಿ, ಪಾದಗಳನ್ನು ನೀರಿನಲ್ಲಿ ಇಳಿಬಿಟ್ಟೆ. ತಣ್ಣಗಿತ್ತು. ಕಣ್ಣು ಮುಚ್ಚಿದೆ.

ಸೀಟಿ ಮೊಳಗಿತು. “ಏ ಯವ್ವಾ! ಕಾಲು ತೆಗಿ! ಅದು ಒಳಗ ಬರ್ತೈತಿ!”

ತಿರುಗಿ ನೋಡಿದೆ. ಅವರು ನಗುತ್ತಿರಲಿಲ್ಲ, ಪೂರಾ ಗಂಭೀರವಾಗಿದ್ದರು. ಕಾಲು ತೆಗೆದುಕೊಂಡೆ.