ಬೂದುಗುಂಬಳಕ್ಕೆ ಮೊದಲ ಏಟು

ಪುಟ್ಟಿ, ಚಿನ್ನಿ, ತಮ್ಮಣ್ಣ,

ರಜೆಗೆ ಬಂದಾಗ ನೀವು ನಾನು ಕರಿದಷ್ಟೂ ಸಂಡಿಗೆ ತಿನ್ನುತ್ತೀರಿ. ಹೇಗೆ ಮಾಡಿದೆ ಎಂದು ಕೇಳಿದರೆ ನಾನು ಒಲೆಯ ಕಡೆ ತಿರುಗಿಬಿಡುತ್ತೇನೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಜಗಳೂರು ಕಡೆ. ಕುಡಿಯುವ ನೀರಿಗೇ ಕೊಡ ಹೊತ್ತು ಹೋಗಬೇಕಿದ್ದ ಊರಲ್ಲಿ, ಹಿತ್ತಲ ಬಳ್ಳಿಗೆ ನೀರು ಹಾಕುತ್ತೇನೆಂದರೆ ನಗುತ್ತಿದ್ದರು. ಮದುವೆಯಾಗಿ ನ್ಯಾಮತಿ ಕಡೆ ಬಂದ ಮೇಲೆ ಹಿತ್ತಲು ಅತ್ತೆಯದಾಗಿತ್ತು. ಅವರು ಬೀಜ ಊರುವಾಗ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ಅತ್ತೆಯೂ ನಿಮ್ಮ ಅಜ್ಜನೂ ಹೋದ ಮೇಲೆ, ತಲೆ ನರೆತ ವಯಸ್ಸಿನಲ್ಲಿ, ನಾನು ಮೊದಲ ಸಲ ಮಣ್ಣಿಗೆ ಬೀಜ ಹಾಕಿದೆ.

ಬೀಜ ಕೊಟ್ಟವರು ಎದುರು ಮನೆಯ ಅಕ್ಕ. ಸಗಣಿ ಉಂಡೆಯೊಳಗೆ ಒತ್ತಿ, ಗೋಡೆಗೆ ಮೆತ್ತಿ ಒಣಗಿಸಿಟ್ಟ ಬೂದುಗುಂಬಳದ ಬೀಜ. ಬಚ್ಚಲ ನೀರು ಹರಿಯುವಲ್ಲಿ ಗುಂಡಿ ತೆಗೆದು ಊರಿದೆ. ಬಳ್ಳಿ ಬೇಲಿ ಹತ್ತಿ ಹೂ ಬಿಟ್ಟಿತು. ಹೂವೆಲ್ಲ ಉದುರಿದವು. ನನ್ನ ಕೈಗುಣವೇ ಸರಿಯಿಲ್ಲವೆಂದು ಸಪ್ಪಗೆ ಕೂತಿದ್ದಾಗ ಅಕ್ಕ ಬಂದು ನೋಡಿದರು.

“ಇವು ಗಂಡು ಹೂವು ಕಣವ್ವ. ಮೊದ್ಲು ಇವೇ ಬರ್ತವೆ, ಮೆರೀತವೆ, ಉದುರ್ತವೆ. ಕಾಯಿ ಕಟ್ಟೋ ಹೂವು ನಿಧಾನಕ್ಕೆ ಬರ್ತವೆ, ಸುಮ್ಕಿರು.”

ಬಂದವು. ಮೂರು ಕಾಯಿ ನಿಂತವು. ಮೊದಲನೆಯದನ್ನು ತೊಟ್ಟು ಮುರಿದು ಕಿತ್ತೆ, ಆ ಗಾಯದಿಂದಲೇ ಕೊಳೆಯಿತು. ಉಳಿದೆರಡನ್ನು ಮೈಮೇಲೆ ಬೂದಿ ಕಟ್ಟುವವರೆಗೆ ಬಳ್ಳಿಯಲ್ಲೇ ಬಿಟ್ಟು, ತೊಟ್ಟಿನ ಸಮೇತ ಕೊಯ್ದು, ನೆಲಕ್ಕೆ ತಾಗದಂತೆ ಹುಲ್ಲಿನ ಸಿಂಬಿಯ ಮೇಲಿಟ್ಟೆ. ಶಿವರಾತ್ರಿ ಕಳೆದರೂ ಕಲ್ಲಿನಂತಿದ್ದವು. ಬಿಸಿಲು ಬಲಿಯಿತು. ನೀವು ಬರುವುದರೊಳಗೆ ಸಂಡಿಗೆ ಇಡಬೇಕೆಂದು ಮನಸ್ಸು ತುದಿಗಾಲಲ್ಲಿತ್ತು.

ಆದರೆ ಬೂದುಗುಂಬಳವನ್ನು ಹೆಂಗಸರು ಮೊದಲು ಕಡಿಯಬಾರದು. ಗಂಡಸು ಒಂದು ಏಟು ಹಾಕಿಕೊಟ್ಟ ಮೇಲೆ ಉಳಿದದ್ದು ನಮ್ಮ ಕೆಲಸ. ಮನೆಯಲ್ಲಿ ಗಂಡಸಿಲ್ಲದಿದ್ದರೆ ತೊಟ್ಟಿಲ ಗಂಡು ಕೂಸಿನ ಕೈಗೆ ಕತ್ತಿ ಮುಟ್ಟಿಸಿದರೂ ಆಗುತ್ತದಂತೆ. ಕತ್ತಿ ಎಂದರೇನೆಂದು ತಿಳಿಯದ ಕೂಸಿನ ಕೈ ಆಗುತ್ತದೆ, ಬೀಜ ಊರಿ ಬೆಳೆಸಿದ ನನ್ನ ಕೈ ಆಗುವುದಿಲ್ಲ. ಹೊನ್ನಾಳಿ ಸಂತೆಯಲ್ಲಿ ಹೋಳು ಮಾಡಿ ಮಾರುವವಳು ಹೆಂಗಸೇ. ಅವಳನ್ನು ಯಾರೂ ಕೇಳುವುದಿಲ್ಲ.

ಆದರೂ ನಿಮ್ಮ ಚಿಕ್ಕಜ್ಜನಿಗೆ ಹೇಳಿಕಳಿಸಿದೆ. ಇವತ್ತು, ನಾಳೆ ಎಂದರು. ಕೊನೆಗೆ ಬೆಳಿಗ್ಗೆ ಖಂಡಿತ ಬರುತ್ತೇನೆ ಎಂದರು. ಅವರ ಮಾತು ನಂಬಿ ಉದ್ದು ನೆನೆಹಾಕಿ, ಹಸಿಮೆಣಸಿನಕಾಯಿ, ಶುಂಠಿ ಸೇರಿಸಿ ಗಟ್ಟಿಯಾಗಿ ರುಬ್ಬಿಟ್ಟೆ.

ಬಂದರು, ಹೊಸದಾಗಿ ಕೊಂಡ ಗೂಡ್ಸ್ ಗಾಡಿಯಲ್ಲಿ. ಒಳಗೆ ಬಂದವರೇ ದೊಡ್ಡ ಕಾಯಿಯನ್ನು ಎತ್ತಿಕೊಂಡರು.

“ಅತ್ತಿಗೆ, ಇದು ಗಾಡಿ ದೃಷ್ಟಿಗೆ ಸರಿಯಾಗೈತೆ.”

“ಅದು ಸಂಡಿಗೆಗೆ ಇಟ್ಟಿದ್ದು ಕಣ್ರೀ,” ಎಂದೆ. ದನಿ ನನಗೇ ಕೇಳಲಿಲ್ಲ.

“ಇನ್ನೊಂದು ಐತಲ್ಲ. ಬಂದು ಕಡಿದುಕೊಡ್ತೀನಿ ತಗೀರಿ.”

ಬಾಗಿಲ ತನಕ ಹೋದೆ. ಅವರು ಕಾಯಿಗೆ ತೂತು ಕೊರೆದು ಕುಂಕುಮ ತುಂಬುತ್ತ, ತಲೆ ಎತ್ತದೆ, ಮೆತ್ತಗೆ ಹೇಳಿದರು: “ನೀವು ಎದುರಿಗೆ ಬರಬ್ಯಾಡ್ರಿ ಅತ್ತಿಗೆ, ಹೊಸ ಗಾಡಿ.”

ಗಂಡ ಸತ್ತವಳು ಎದುರಿಗೆ ಬರಬಾರದು, ಅವಳು ಬೆಳೆದ ಕಾಯಿ ಬರಬಹುದು. ಬಾಗಿಲ ಸಂದಿಯಿಂದ ನೋಡಿದೆ. ಕರ್ಪೂರ ಹಚ್ಚಿ ನಿವಾಳಿಸಿ ರಸ್ತೆಗೆ ಅಪ್ಪಳಿಸಿದರು. ಬಿಳಿ ತಿರುಳು ಮಣ್ಣಾಯಿತು. ಗಾಡಿ ಅದರ ಮೇಲೇ ಹಾದು ಹೋಯಿತು. ಏಟು ಹಾಕಿಕೊಡಲು ವಾಪಸು ಬರಲಿಲ್ಲ.

ಬಿಸಿಲೇರಿತು. ಬೇಸಿನ್ನಿನಲ್ಲಿ ಉದ್ದಿನ ಹಿಟ್ಟು ಉಬ್ಬತೊಡಗಿತು. ಹುಳಿ ಬಂದರೆ ಸಂಡಿಗೆ ಕೆಡುತ್ತದೆ. ಉಳಿದ ಕಾಯಿಯನ್ನು ಹಿತ್ತಲಿಗೆ ಒಯ್ದು, ಮಚ್ಚು ತಂದು, ನಾನೇ ಕಡಿದೆ. ಒಂದೇ ಏಟಿಗೆ ಎರಡಾಯಿತು. ಏನೂ ಆಗಲಿಲ್ಲ ಮಕ್ಕಳೇ. ಒಳಗೆ ಬೀಜ, ತಿರುಳು, ನೀರು, ಅಷ್ಟೇ.

ತುರಿದು, ಉಪ್ಪು ಬೆರೆಸಿ ಹಿಂಡುತ್ತಿದ್ದಾಗ ಎದುರು ಮನೆಯ ಅಕ್ಕ ಬಂದರು.

“ಯಾರ ಕೈಲಿ ಕಡಿಸ್ದೆ?”

“ನನ್ನ ಕೈಲಿ.”

ಅವರು ಬಗ್ಗಿ ತುರಿಯನ್ನು ಮುಟ್ಟಿ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿ ಕೂತರು. “ಇನ್ನೂ ನೀರು ಐತೆ, ಗಟ್ಟಿಯಾಗಿ ಹಿಂಡು. ಹಿಂಗಿಟ್ರೆ ಒಣಗಾಕೆ ವಾರ ಬೇಕು.”

ಯುಗಾದಿ ಊಟಕ್ಕೆ ಬಂದ ಚಿಕ್ಕಜ್ಜ ಸಂಡಿಗೆ ಮುರಿದು ಬಾಯಿಗಿಟ್ಟು, “ಭಾಳ ಚೆನ್ನಾಗೈತೆ. ಯಾರು ಕಡಿದ್ರು?” ಎಂದರು.

“ನಾನೇ,” ಎಂದೆ. ಈ ಸಲ ನನ್ನ ದನಿ ನನಗೆ ಕೇಳಿಸಿತು.

ಅವರ ಕೈ ನಿಂತಿತು. “ಹಂಗೆಲ್ಲಾ ಮಾಡಬಾರದು ಅತ್ತಿಗೆ,” ಎಂದು ಇನ್ನೊಂದು ಸಂಡಿಗೆ ಎತ್ತಿಕೊಂಡರು.

ಆ ಇನ್ನೊಂದು ಸಂಡಿಗೆ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಅವರ ಗಾಡಿ ಚೆನ್ನಾಗಿ ಓಡುತ್ತಿದೆ, ಓಡಲಿ. ಆದರೆ ಈ ವರ್ಷದ ಕಾಯಿ ಒಂದೂ ರಸ್ತೆಗೆ ಹೋಗುವುದಿಲ್ಲ. ಕೇಳಲು ಬಂದರೆ ಇಲ್ಲ ಎನ್ನುತ್ತೇನೆ. ಹುಡುಗಿಯರೇ, ರಜೆಗೆ ಬಂದಾಗ ಮೊದಲ ಏಟು ನಿಮ್ಮದು. ತಮ್ಮಣ್ಣ ಹಿಂಡಲಿ, ಅವನ ಕೈಯಲ್ಲಿ ಬಲವಿದೆ.

ಈ ಹಾಳೆಗಳನ್ನು ಅಡುಗೆಮನೆಯಲ್ಲಿಡಬೇಡಿ, ಎಣ್ಣೆ ಕೈ ತಗಲಿ ಅಕ್ಷರ ಅಳಿಸುತ್ತದೆ. ನಿಮ್ಮ ಬಟ್ಟೆಗಳ ನಡುವೆ ಮಡಿಚಿಟ್ಟು ಕಾಪಾಡಿಕೊಳ್ಳಿ.