ಪಕ್ಕದ ಕೋಣೆಯ ಅಕ್ಕ ಕೆಡವಿದ ಗೋಡೆ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಆ ಶುಕ್ರವಾರ ಏಸಿ ಇದ್ದಕ್ಕಿದ್ದಂತೆ ನಿಂತಾಗ ಗೋಡೆ ಗಡಿಯಾರ ನೋಡಿದ್ದೆ, ಅದಕ್ಕೇ ಆ ಹೊತ್ತು ತಲೆಯಲ್ಲಿ ಉಳಿದಿದೆ. ಕಳೆದ ವಾರ ಇಲ್ಲಿ ಗಲ್ಫಿನಲ್ಲಿ, ಲುಸೈಲ್‌ನ ನಮ್ಮ ಆಫೀಸಿನಲ್ಲಿ ಬಡಗಿಯೊಬ್ಬ ಹೊಸ ಕ್ಯಾಬಿನ್‌ಗೆಂದು ಪ್ಲೈವುಡ್ ಕೊಯ್ಯುತ್ತಿದ್ದ. ಗರಗಸದ ಬಿಸಿಗೆ ಕರಕಲಾದ ಮರದ ಪುಡಿಯ ವಾಸನೆ ಬಂತು, ಕೈಯಲ್ಲಿದ್ದ ಚಹಾ ಚೆಲ್ಲಿಹೋಯಿತು. ಆ ಬೆಂಕಿಗೆ ಆರು ವರ್ಷವಾಗಿದೆ. ಆದರೂ ಆ ವಾಸನೆ ಬಂದರೆ ನನ್ನ ಕಣ್ಣು ಮೊದಲು ಬಾಗಿಲು ಹುಡುಕುತ್ತದೆ... ಆಮೇಲೆ ಪಕ್ಕದ ಕೋಣೆಯ ಅಕ್ಕನ ದನಿ ಕೇಳುತ್ತದೆ.

ಆಗ ನಾವಿದ್ದದ್ದು ಅಲ್ ಮನ್ಸೂರಾದ ಒಂದು ಹಳೆಯ ವಿಲ್ಲಾದಲ್ಲಿ. ವಿಲ್ಲಾ ಅಂದ ಮಾತ್ರಕ್ಕೆ ವೈಭವ ಅಂದುಕೊಳ್ಳಬೇಡಿ. ಬಾಡಿಗೆಗೆ ಕೊಟ್ಟವರು ಅದರ ಹಾಲ್‌ನ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ, ಬಿಳಿ ಬಣ್ಣ ಬಳಿದು, ಅದನ್ನೇ ಎರಡು ಮನೆ ಮಾಡಿದ್ದರು. ಒಂದು ಪಾಲಿನಲ್ಲಿ ನಾನು, ನನ್ನ ಗಂಡ, ಐದು ವರ್ಷದ ಮಗಳು. ಇನ್ನೊಂದರಲ್ಲಿ ಉಡುಪಿ ಕಡೆಯ ಅಕ್ಕ, ಅವರ ಯಜಮಾನರು. ಹಿಂದಿನ ಕೋಣೆಯಲ್ಲಿ ಒಂದು ಮಲಯಾಳಿ ಸಂಸಾರ, ಮಹಡಿಯಲ್ಲಿ ನೇಪಾಳಿ ಹುಡುಗರು. ನಮ್ಮ ಬಾಗಿಲು ಇಕ್ಕಟ್ಟಾದ ಪ್ಯಾಸೇಜಿಗೆ ತೆರೆಯುತ್ತಿತ್ತು. ಅದರ ಕೊನೆಗೆ ಎಲ್ಲರೂ ಬಳಸುವ ಅಡಿಗೆಮನೆ, ಅದನ್ನು ದಾಟಿದರೆ ಹೊರಬಾಗಿಲು. ಕಿಟಕಿಗೆ ಕಂಬಿ, ಕಂಬಿಯ ನಡುವೆ ಏಸಿ. ಅಕ್ಕನ ಪಾಲಿಗೆ ಮಾತ್ರ ನೇರ ಅಂಗಳಕ್ಕೆ ಒಂದು ಬಾಗಿಲು ಬಂದಿತ್ತು. "ನನ್ನದು ಸೀ ವ್ಯೂ ಮಾರಾಯ್ತಿ" ಅನ್ನುತ್ತಿದ್ದರು. ಕಾಣುತ್ತಿದ್ದದ್ದು ನೀರಿನ ಟ್ಯಾಂಕ್.

ಅಕ್ಕ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನಿಸ್ಟ್. ಅವರಿಗಿದ್ದ ಹುಚ್ಚು ಜಪಾನಿನ ಒಂದು ಚಿತ್ರಕಥೆ ಸರಣಿಯದು. ಮಾಂಗಾ ಅನ್ನುತ್ತಾರಲ್ಲ, ಅದು. ಟೋಕಿಯೋ ಇನ್ನೂ ಎಡೋ ಆಗಿದ್ದ ಕಾಲದ, ಬೆಂಕಿ ಆರಿಸುವವರ ಕತೆ. ಮರ, ಕಾಗದಗಳ ಮನೆಗಳು. ಒಂದಕ್ಕೆ ಹತ್ತಿದರೆ ಕೇರಿಯೇ ಹೋಯಿತು. ಇಂಗ್ಲಿಷಿಗೆ ಬಂದ ಪುಸ್ತಕಗಳನ್ನು ಒಂದೊಂದಾಗಿ ತರಿಸಿ, ನಮ್ಮ ನಡುವಿನ ಪ್ಲೈವುಡ್ ಗೋಡೆಗೇ ಶೆಲ್ಫ್ ಹೊಡೆಸಿ ಜೋಡಿಸಿದ್ದರು. ಅದೇ ಕತೆ ಟಿವಿ ಧಾರಾವಾಹಿಯೂ ಆಗಿತ್ತು. ಶುಕ್ರವಾರ ಊಟವಾದ ಮೇಲೆ ನಾನು, ಮಗಳು ಅಕ್ಕನ ಮಂಚದ ಮೇಲೆ ಕೂತು ಅದನ್ನು ನೋಡುವುದು ರೂಢಿ.

ಸಬ್‌ಟೈಟಲ್ ಓದಲು ಬಾರದ ಮಗಳಿಗೆ ಅಕ್ಕನೇ ಕನ್ನಡದಲ್ಲಿ ಮಾತು ಹಾಕುತ್ತಿದ್ದರು. ಜುಟ್ಟು ಕಟ್ಟಿದ ಜಪಾನಿ ನಾಯಕ ಸೂರಿನ ಮೇಲೆ ನಿಂತು, "ಎಂತ ಸಾವು ಮಾರಾಯ, ಏಣಿ ಎಲ್ಲುಂಟು?" ಅಂತ ಕೂಗುತ್ತಿದ್ದ. ಇಂಗ್ಲಿಷ್ ಶಾಲೆಯ ನನ್ನ ಮಗಳು ತಡವರಿಸದೆ ಹೇಳಿದ ಮೊದಲ ಕನ್ನಡ ವಾಕ್ಯ ಅದೇ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕೇಳಿಸಿಕೊಂಡು, "ಏನೇ ಇದು, ಮಗೂಗೆ ಯಾರೇ ಇದನ್ನೆಲ್ಲ ಕಲಿಸ್ತಿರೋದು?" ಅಂದರು. "ಜಪಾನಿನವರು ಕಣಮ್ಮ" ಅಂದೆ.

ಧಾರಾವಾಹಿ ನೋಡಿ ನಾನು ಅಳುತ್ತಿದ್ದೆ, ಅಕ್ಕ ಬಯ್ಯುತ್ತಿದ್ದರು. ಕತೆಯ ನಾಯಕ ಬೆಂಕಿ ಮುಂದೆ ಹೋಗದಂತೆ ತನ್ನ ಗೆಳೆಯನ ಮನೆಗೇ ಕೊಕ್ಕೆ ಹಾಕಿ ಎಳೆದು ಕೆಡವುತ್ತಾನೆ. ಆ ಮನೆಗೆ ಬೆಂಕಿ ಇನ್ನೂ ತಾಗಿಯೇ ಇರುವುದಿಲ್ಲ. ಪುಸ್ತಕದಲ್ಲಿ ಗೆಳೆಯ ಮತ್ತೆಂದೂ ಅವನನ್ನು ಮಾತಾಡಿಸುವುದಿಲ್ಲವಂತೆ. ಟಿವಿಯಲ್ಲಿ ಮುಂದಿನ ವಾರವೇ ಇಬ್ಬರೂ ಅಪ್ಪಿಕೊಂಡುಬಿಟ್ಟರು.

"ಇದಕ್ಕೆ ಅಳ್ತೀಯಲ್ಲ, ನಾಚಿಕೆ ಉಂಟಾ ನಿನಗೆ? ಮನೆ ಕೆಡವಿದವನನ್ನು ಯಾರಾದ್ರೂ ಅಪ್ಪಿಕೊಳ್ತಾರಾ?"

"ಚೆನ್ನಾಗಿತ್ತಲ್ಲಕ್ಕ."

"ನಿನಗೆ ಅಳ್ಲಿಕ್ಕೆ ಒಂದು ನೆಪ ಬೇಕು, ಅಷ್ಟೆ. ನೀರು ಯಾರು ಬೇಕಾದ್ರೂ ಹಾಕ್ತಾರೆ. ಬೆಂಕಿ ಇಲ್ಲದ್ದನ್ನು ಕೆಡವ್ಲಿಕ್ಕೆ ಗುಂಡಿಗೆ ಬೇಕು."

ಆ ಶುಕ್ರವಾರ ಮಗಳಿಗೆ ಜ್ವರ. ಹಾಗಾಗಿ ನಾವು ಅಕ್ಕನ ಕೋಣೆಗೆ ಹೋಗಿರಲಿಲ್ಲ. ನನ್ನ ಗಂಡ ಕೆಲಸದ ಸೈಟಿನಲ್ಲಿದ್ದರು, ಅಕ್ಕನ ಯಜಮಾನರು ಮೀನು ತರಲು ಹೋಗಿದ್ದರು. ಏಸಿ ನಿಂತಿತು. ಕರೆಂಟು ಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ಬಾಗಿಲ ಕೆಳಗಿನಿಂದ ಹೊಗೆ ನುಗ್ಗಿತು. ಅಡಿಗೆಮನೆಯ ಕಡೆ ಏನೋ ಸಿಡಿದ ಸದ್ದು. "ಭಾಗೋ, ಭಾಗೋ" ಅಂತ ಯಾರೋ ಓಡಿದರು. ನಾನು ಮಲಗಿದ್ದ ಮಗಳನ್ನು ಎತ್ತಿಕೊಂಡು ಚಿಲಕಕ್ಕೆ ಕೈ ಹಾಕಿದೆ. ಚಿಲಕ ಬಿಸಿಯಾಗಿತ್ತು. ಈಗಲೂ ನನ್ನ ಮನಸ್ಸು ಎಲ್ಲಕ್ಕಿಂತ ಹೆಚ್ಚು ಸಲ ನಿಲ್ಲುವುದು ಅಲ್ಲೇ... ನನ್ನ ಕೈ ಆ ಚಿಲಕದ ಮೇಲೆ, ಇನ್ನೊಂದು ಕ್ಷಣ ಕಳೆದಿದ್ದರೆ...

"ಬಾಗಿಲು ತೆಗೀಬೇಡ!" ಗೋಡೆಯಾಚೆಯಿಂದ ಅಕ್ಕ ಕಿರುಚಿದರು. "ಪ್ಯಾಸೇಜು ಪೂರಾ ಬೆಂಕಿ. ನಾನು ಅಂಗಳದಿಂದ ನೋಡಿದೆ. ಒದ್ದೆ ಬಟ್ಟೆ ಉಂಟಾ? ಬಾಗಿಲ ಕೆಳಗೆ ತುರುಕು. ಇಲ್ಲಿ ಗೋಡೆ ಹತ್ರ ಬಾ."

ಮಗಳ ಹಣೆಗೆ ಹಾಕಿದ್ದ ಒದ್ದೆ ಟವೆಲ್ಲನ್ನೇ ತುರುಕಿದೆ. ಅಷ್ಟರಲ್ಲಿ ಆಚೆಯಿಂದ ಧಡಧಡ ಸದ್ದು. ಸೂರು ಕುಸಿಯಿತು ಅಂದುಕೊಂಡೆ. ಅದು ಅಕ್ಕ ತಮ್ಮ ಪುಸ್ತಕಗಳನ್ನು ಶೆಲ್ಫ್ ಸಮೇತ ಕಿತ್ತು ನೆಲಕ್ಕೆ ಹಾಕಿದ್ದು. ಆಮೇಲೆ ಕಬ್ಬಿಣ ಮರವನ್ನು ಕಚ್ಚುವ ಸದ್ದು. ಎರಡು ಹಲಗೆ ಕೂಡುವ ಸಂದಿಯಲ್ಲಿ ಹಲ್ಲುಹಲ್ಲಾದ ಕಬ್ಬಿಣದ ಮೂತಿಯೊಂದು ಇಣುಕಿತು. ಊರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದ, ಕಾಯಿ ಹೆರೆಯುವ ಮಣೆ! ಅದನ್ನು ಸಂದಿಗೆ ಕೊಕ್ಕೆಯಂತೆ ಸಿಕ್ಕಿಸಿ ಮೈಭಾರ ಹಾಕಿ ಎಳೆಯುತ್ತಿದ್ದರು. ಮೊಳೆಗಳು ಕಿರುಗುಟ್ಟಿದವು. ನಾನು ಈಚೆಯಿಂದ ಕಾಲಿನಿಂದ ಒದ್ದೆ. ಹಲಗೆಯ ಕೆಳಮೂಲೆ ಬಿಟ್ಟುಕೊಂಡಿತು.

ಮೊದಲು ಮಗಳನ್ನು ದಾಟಿಸಿದೆ. ಆಮೇಲೆ ನಾನು ನುಗ್ಗಿದರೆ ಸೊಂಟ ಸಿಕ್ಕಿಕೊಂಡಿತು. ಹಿಂದೆ ಕೋಣೆ ಕಪ್ಪಾಗುತ್ತಿತ್ತು, ಕೆಮ್ಮು ತಡೆಯಲಾಗುತ್ತಿರಲಿಲ್ಲ.

"ಉಸಿರು ಒಳಗೆ ಎಳಿ ಮಾರಾಯ್ತಿ! ನಿನ್ನೆ ಆ ಬಿರಿಯಾನಿ ತಿನ್ಬೇಡ ಅಂತ ಹೇಳಿದ್ದೆ ನಾನು!"

ಆ ಹೊಗೆಯಲ್ಲೂ ನನಗೆ ನಗು ಬಂತು ಅಂದರೆ ನಂಬುತ್ತೀರಾ? ಅಕ್ಕ ನನ್ನ ಜಡೆ, ತೋಳು ಎರಡನ್ನೂ ಹಿಡಿದು ಎಳೆದರು. ಪುಸ್ತಕಗಳ ರಾಶಿಯ ಮೇಲೆ ಮುಗ್ಗರಿಸಿ, ಅಂಗಳದ ಬೆಂಕಿಯಂಥ ಬಿಸಿಲಿಗೆ ಬಿದ್ದೆವು.

ಮಹಡಿಯ ನೇಪಾಳಿ ಹುಡುಗರೂ ಹಿಂದಿನ ಕೋಣೆಯ ಮಲಯಾಳಿ ಸಂಸಾರವೂ ಆಗಲೇ ಹೊರಗಿದ್ದರು. ಅಗ್ನಿಶಾಮಕದವರು ಬಂದು ಒಳಗೆ ಯಾರಾದರೂ ಇದ್ದಾರೆಯೇ ಅಂತ ಕೇಳಿದಾಗ, ನೈಟಿಯಲ್ಲಿ, ಬರಿಗಾಲಲ್ಲಿ, ಹೆರೆಯುವ ಮಣೆಯನ್ನು ಹೆಗಲಿಗೇರಿಸಿ ನಿಂತಿದ್ದ ಅಕ್ಕ ತಲೆಯೆತ್ತಿ, ಅರಬ್ಬಿ ಕನ್ನಡ ಬೆರೆಸಿ, "ಮಾಫಿ! ಯಾರೂ ಇಲ್ಲ, ಎಲ್ಲ ಹೊರಗೆ!" ಅಂದರು. ಅವರ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ನೇಪಾಳಿ ಹುಡುಗರು ಚಪ್ಪಾಳೆ ಹೊಡೆದರು. ಯಾರೋ ಸೀಟಿ ಹಾಕಿದರು. ನಾನು ಹೋಗಿ ಅವರನ್ನು ಗಟ್ಟಿಯಾಗಿ ಅಪ್ಪಿಕೊಂಡೆ.

"ನೋಡಿದ್ರಾ ಅಕ್ಕ, ಮನೆ ಕೆಡವಿದೋರನ್ನೂ ಅಪ್ಕೋತಾರೆ."

"ಟಿವಿಯವರು ಗೆದ್ರು ಹಾಗಾದ್ರೆ" ಅಂದರು ಅಕ್ಕ. ಆಗ ಮಾತ್ರ ಮಣೆಯನ್ನು ಹೆಗಲಿನಿಂದ ಇಳಿಸಿದರು.

ಕೆಳಗಿನ ಮಹಡಿ ಕಪ್ಪಾಯಿತು. ಅಕ್ಕನ ಅಂಗೈ ಬಿಟ್ಟರೆ ಒಬ್ಬರಿಗೂ ಏನೂ ಆಗಲಿಲ್ಲ. ಪುಸ್ತಕಗಳಲ್ಲಿ ಒಂದೂ ಉಳಿಯಲಿಲ್ಲ. ಬೆಂಕಿ ಆರಿಸಿದ ನೀರಿಗೆ ನೆನೆದು ಮುದ್ದೆಯಾದ ರಾಶಿಯನ್ನು ಅಕ್ಕ ಕಾಲಿನಿಂದ ಸರಿಸಿ, "ಹೋಗ್ಲಿ, ಕತೆ ನನ್ನ ಬಾಯಲ್ಲುಂಟು" ಅಂದರು. ಮೀನಿನ ಚೀಲ ಹಿಡಿದು ಓಡಿಬಂದ ಅವರ ಯಜಮಾನರು ಹೆಂಡತಿಯನ್ನು ನೋಡಿದರು, ಗೋಡೆಯನ್ನು ನೋಡಿದರು. "ಇವಳು ಚಟ್ನಿಗೆ ಕಾಯಿ ಹೆರೀಲಿಕ್ಕೆ ಅರ್ಧ ಗಂಟೆ ಮಾಡ್ತಾಳೆ" ಅಂತ ಅಲ್ಲೇ ಕೂತುಬಿಟ್ಟರು.

ನಾವು ಲುಸೈಲ್‌ಗೆ ಬಂದೆವು, ಅಕ್ಕ ಊರಿನ ಇನ್ನೊಂದು ಕೊನೆಯ ಅಬು ಹಮೂರ್‌ಗೆ. ಹೊಸ ಫ್ಲ್ಯಾಟಿನಲ್ಲಿ ಕಾಂಕ್ರೀಟಿನ ಗೋಡೆ. ಆಚೆ ಯಾರಿದ್ದಾರೆ ಅನ್ನುವುದೇ ತಿಳಿಯದು. ನಾನು ಎದ್ದೆದ್ದು ಚಿಲಕ ಮುಟ್ಟಿ ನೋಡುತ್ತಿದ್ದೆ. ಮಗಳು ಬೆಚ್ಚಿ ಅಳುತ್ತಿದ್ದಳು. ಗಂಡ ದೀಪ ಹಾಕಿಕೊಂಡೇ ಮಲಗುತ್ತಿದ್ದರು. ಹೀಗೆ ತಿಂಗಳುಗಳು...

ಅಕ್ಕ ಎರಡು ವರ್ಷದ ಹಿಂದೆ ಊರಿಗೆ ಹೋದರು. ಕಾಯಿಲೆ ಇತ್ತು, ನಮಗೆ ಹೇಳಿರಲಿಲ್ಲ. ಕಳೆದ ರಂಜಾನ್ ತಿಂಗಳಲ್ಲಿ, ಅಕ್ಕ ಇನ್ನಿಲ್ಲ ಅಂತ ಅವರ ಯಜಮಾನರ ಫೋನ್ ಬಂತು. ಅಂಥವರನ್ನು ಎಳೆದು ಹೊರಗೆ ತರಲು ಯಾರಿಂದಲೂ ಆಗಲಿಲ್ಲವಲ್ಲ ಅನ್ನುವ ಸಿಟ್ಟು ನನಗಿನ್ನೂ ಹೋಗಿಲ್ಲ.

ಆದರೆ ಆಫೀಸಿನಿಂದ ಬಂದು ಇದನ್ನು ಬರೆಯಲು ಕೂತಾಗ ನೆನಪಾದದ್ದು ಫೋನಿನ ದಿನವಲ್ಲ, ಹೊಸ ಫ್ಲ್ಯಾಟಿನ ಆ ದಿನಗಳ ಒಂದು ಗುರುವಾರ ರಾತ್ರಿ. ನಾವು ನಿದ್ದೆಗೆಟ್ಟಿದ್ದು ತಿಳಿದು ಅಕ್ಕ ಬಟ್ಟೆಯ ಚೀಲ ಹಿಡಿದು ಬಂದಿದ್ದರು. ನಮ್ಮ ಹಾಲ್‌ನ ಸೋಫಾದ ಮೇಲೆ ಉರುಳಿ, "ನಾನು ಬಾಗಿಲ ಹತ್ರ ಇದ್ದೇನೆ. ಇನ್ನು ಎಲ್ಲರೂ ಬಾಯಿ ಮುಚ್ಚಿ ಮಲಗಿ" ಅಂದರು. ಸ್ವಲ್ಪ ಹೊತ್ತಿಗೆ ಅವರ ಗೊರಕೆ ಶುರುವಾಯಿತು. ಎಂಥ ಗೊರಕೆ! ಮಗಳು ಒಮ್ಮೆ ಕಿಸಕ್ಕನೆ ನಕ್ಕು ಮಗ್ಗುಲಾದಳು. ನನ್ನ ಗಂಡ ದೀಪ ಆರಿಸಿದರು. ಅಷ್ಟೇ ನನಗೆ ಗೊತ್ತು. ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು.